ಕೂಗುವ ಕಾರು, ಗುರುತಿಸುವ ಕೀಲಿಕೈ

ಭರಣಿ ಮಳೆಯ ಮೊದಲ ಗುಡುಗು ಮೊಳಗಿದ ಒಂದು ನಡುರಾತ್ರಿ, ನಮ್ಮ ಬೀದಿಯ ಹೊಂಗೆಮರದಡಿ ನಿಂತಿದ್ದ ನನ್ನ ಕಾರು ಇದ್ದಕ್ಕಿದ್ದಂತೆ ಕಿರುಚಲಾರಂಭಿಸಿತು. ರಿಮೋಟಿನ ಗುಂಡಿಯನ್ನು ಎಷ್ಟು ಸಾರಿ ಒತ್ತಿದರೂ ಅದು ಸುಮ್ಮನಾಗಲಿಲ್ಲ. ಕೀಲಿಕೈಯಿಂದಲೇ ಬಾಗಿಲು ತೆರೆದರೂ ಆರ್ಭಟ ನಿಲ್ಲಲಿಲ್ಲ. ಎದುರುಮನೆಯ ಟ್ಯಾಕ್ಸಿ ಚಾಲಕರು ನಿದ್ದೆಗಣ್ಣಿನಲ್ಲಿಯೇ ಬಂದು, “ಒಳಗೆ ಕೂತು ಕೀ ಹಾಕಿ ಆನ್ ಮಾಡಿ ಸಾರ್, ತಾನಾಗಿಯೇ ನಿಲ್ಲುತ್ತೆ” ಎಂದರು. ಹಾಗೆ ಮಾಡಿದೊಡನೆಯೇ ಬೀದಿ ನಿಶ್ಶಬ್ದವಾಯಿತು. ಬಾಗಿಲಲ್ಲಿ ನನ್ನನ್ನು ಕಳ್ಳನೆಂದೆಣಿಸಿದ ಯಂತ್ರವು, ಮೊಳದಷ್ಟು ದೂರದಲ್ಲಿ ಅದೇ ಕೀಲಿಕೈಯನ್ನು ಕಂಡು ಒಡೆಯನೆಂದು ಒಪ್ಪಿಕೊಂಡುದು ಹೇಗೆ?

ನಾವು ಕಾರಿನಿಂದಿಳಿದು ರಿಮೋಟಿನ ಲಾಕ್ ಗುಂಡಿಯನ್ನು ಒತ್ತಿದಾಗ ಬಾಗಿಲುಗಳು ಬಿಗಿಯುತ್ತವೆ, ಇಂಡಿಕೇಟರ್ ದೀಪಗಳು ಮಿನುಗುತ್ತವೆ, ಡ್ಯಾಶ್‌ಬೋರ್ಡಿನ ಮೇಲೊಂದು ಕಿರಿದಾದ ಕೆಂಪು ದೀಪ ಮಿಣುಕತೊಡಗುತ್ತದೆ. ಕಾವಲು ಆರಂಭವಾಯಿತೆಂಬುದಕ್ಕೆ ಇವೇ ಸಾಕ್ಷಿ. ಬಾಗಿಲು, ಬಾನೆಟ್, ಡಿಕ್ಕಿಗಳಲ್ಲಿರುವ ಸ್ವಿಚ್ಚುಗಳೂ, ಕೆಲವು ಕಾರುಗಳಲ್ಲಿ ಅದುರುವಿಕೆಯನ್ನರಿಯುವ ಸೆನ್ಸರೂ ಆಗಿನಿಂದ ಎಚ್ಚರವಾಗಿರುತ್ತವೆ. ರಿಮೋಟಿನ ಸಂಕೇತವನ್ನು ಬೇರೊಂದು ರೇಡಿಯೋ ತರಂಗದಿಂದ ಅಡ್ಡಗಟ್ಟುವ ಕಳ್ಳರೂ ಉಂಟಾದುದರಿಂದ, ದೀಪ ಮಿನುಗಿದುದನ್ನು ಕಣ್ಣಾರೆ ಕಂಡು, ಹಿಡಿಯನ್ನೊಮ್ಮೆ ಎಳೆದು ನೋಡಿಯೇ ಹೆಜ್ಜೆ ಕೀಳಬೇಕು.

ಹಿಂದಿನ ರಿಮೋಟುಗಳು ಪ್ರತಿಸಲವೂ ಒಂದೇ ಸಂಕೇತವನ್ನು ಉಚ್ಚರಿಸುತ್ತಿದ್ದುವು. ಅದನ್ನು ಗುಟ್ಟಾಗಿ ಹಿಡಿದಿಟ್ಟುಕೊಂಡವನು ಮರುನುಡಿದು ಬಾಗಿಲು ತೆರೆಯಬಹುದಾಗಿತ್ತು. ಈಗಿನವು ಒತ್ತಿದಷ್ಟು ಸಾರಿಯೂ ಹೊಸ ಸಂಕೇತವನ್ನು ಕಳುಹುತ್ತವೆ. ಮುಂದೆ ಬರಬೇಕಾದುದು ಯಾವುದೆಂಬ ಗಣಿತ ಕಾರಿಗೂ ತಿಳಿದಿರುತ್ತದೆ. ಈ ರಿಮೋಟಿಗೆ ಪ್ರಾಣವಾಗಿರುವುದು ಸಾಮಾನ್ಯವಾಗಿ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆಯಾಕಾರದ ಸೆಲ್; 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬ ಅದರ ಅಳತೆಯೇ ಆ ಹೆಸರಿನಲ್ಲಿ ಅಡಗಿದೆ. ಅಂದು ನನ್ನ ರಿಮೋಟಿನಲ್ಲಿ ಸತ್ತುಹೋಗಿದ್ದುದು ಈ ಸೆಲ್ಲೇ.

ಆದರೆ ಕೀಲಿಕೈಯ ತಲೆಯೊಳಗೆ ಸೆಲ್ಲನ್ನೇ ಬೇಡದ ಮತ್ತೊಂದು ಜೀವವಿದೆ, ಮತ್ತು ಈ ವ್ಯವಸ್ಥೆಯಲ್ಲೆಲ್ಲ ನನಗೆ ಅತ್ಯಂತ ಮನೋಹರವೆನಿಸಿದುದು ಅದುವೇ. ಇಗ್ನಿಷನ್ ಬೀಗದ ಸುತ್ತ ಸುತ್ತಿರುವ ತಂತಿಯ ಸುರುಳಿಯು ಒಂದು ಕಾಂತಕ್ಷೇತ್ರವನ್ನು ಹರಡುತ್ತದೆ. ಕೀಲಿಕೈಯಲ್ಲಿ ಹುದುಗಿರುವ ಚಿಪ್ ಆ ಕ್ಷೇತ್ರದಿಂದಲೇ ಶಕ್ತಿಯನ್ನು ಹೀರಿ ಎಚ್ಚೆತ್ತು, ತನ್ನ ಗುರುತನ್ನು ನುಡಿಯುತ್ತದೆ. ಬಾಗಿಲಿನ ಬೀಗವನ್ನು ತಂತಿಯ ತುಂಡಿನಿಂದಲೂ ಮೀಟಬಹುದಾದುದರಿಂದ ಅನೇಕ ಕಾರುಗಳು ಅಲ್ಲಿ ಲೋಹದ ಕೀಲಿಯನ್ನು ನಂಬುವುದಿಲ್ಲ. ಇಗ್ನಿಷನ್‌ನಲ್ಲಿ ಚಿಪ್ ಉತ್ತರಿಸಿದ ಮೇಲೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಸೆಲ್ ಸತ್ತ ಕೀಲಿಯನ್ನು ಆ ಗುಂಡಿಗೇ ತಾಗಿಸಿ ಹಿಡಿಯುವುದು ವಾಡಿಕೆ. ಕೆಲವುಗಳಲ್ಲಿ ಅದಕ್ಕೆಂದೇ ಬೇರೊಂದು ಗೂಡಿರುತ್ತದೆ.

ಇಮ್ಮೊಬಿಲೈಸರ್ ಎಂಬ ಈ ಮೌನದ ಕಾವಲುಗಾರನು ಗುರುತು ಸಿಗದ ಕೀಲಿಗೆ ಎಂಜಿನನ್ನು ಓಡಗೊಡುವುದಿಲ್ಲ. ಯುರೋಪಿನ ದೇಶಗಳು 1998ರ ವೇಳೆಗೆ, ಆಸ್ಟ್ರೇಲಿಯ 2001ರಲ್ಲಿ, ಕೆನಡ 2007ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿದುವು. ಕೂಗುವ ಸೈರನ್ನಿಗಿಂತ ಇದರ ಮೇಲೆಯೇ ನನ್ನ ಭರವಸೆ ಹೆಚ್ಚು. ಸೈರನ್ನು ಜನರ ಕಿವಿಯನ್ನು ಅವಲಂಬಿಸಿದೆ. ಗುಡುಗಿಗೂ, ಬಾನೆಟ್ಟಿನ ಮೇಲೆ ಹಾರಿದ ಬೆಕ್ಕಿಗೂ ಅರಚುವ ಕಾರನ್ನು ಎರಡು ದಿನ ಕೇಳಿದ ಬೀದಿಯವರು ಮೂರನೆಯ ದಿನ ಕಿಟಕಿ ತೆರೆದು ನೋಡುವುದಿಲ್ಲ.

ಹೊರಗಿನ ಅಂಗಡಿಯಲ್ಲಿ ಅಲಾರಂ ಹಾಕಿಸಿದವರಿಗೆ ಮಾತ್ರ ಕೂಗು ನಿಲ್ಲಿಸುವ ದಾರಿ ಬೇರೆ. ಅವುಗಳಲ್ಲಿ ಬಹುಪಾಲಿಗೆ ಡ್ಯಾಶ್‌ಬೋರ್ಡಿನ ಕೆಳಗೆಲ್ಲೋ ಮರೆಯಾಗಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಇಗ್ನಿಷನ್ ಆನ್ ಮಾಡಿ ಅದನ್ನು ಒತ್ತಿದರೆ ಕೂಗು ಅಡಗುತ್ತದೆ. ಅಳವಡಿಸಿದ ದಿನವೇ ಮೆಕ್ಯಾನಿಕ್ಕನನ್ನು ಕೇಳಿ ಅದರ ಸ್ಥಳವನ್ನು ಕೈಯಾರೆ ಮುಟ್ಟಿ ತಿಳಿದುಕೊಳ್ಳತಕ್ಕುದು. ಬ್ಯಾಟರಿಯ ತಂತಿಯನ್ನು ಕಿತ್ತೊಗೆಯುವುದರಿಂದ ಫಲವಿಲ್ಲ. ತಮ್ಮದೇ ಬ್ಯಾಟರಿಯುಳ್ಳ ಸೈರನ್ನುಗಳು ಆಗಲೂ ಕೂಗಬಲ್ಲವು.

ಮರುದಿನ ನಾನು ಸೆಲ್ ಬದಲಾಯಿಸಿ, ಅದುರುವಿಕೆಯ ಸೆನ್ಸರಿನ ಸೂಕ್ಷ್ಮತೆಯನ್ನು ವರ್ಕ್‌ಶಾಪಿನಲ್ಲಿ ತಗ್ಗಿಸಿಕೊಂಡು ಬಂದೆನು. ಆ ವಾರವೇ ಮತ್ತೆ ಗುಡುಗಿತು. ಕಿಟಕಿಯಿಂದ ಇಣುಕಿದರೆ ಹೊಂಗೆಮರದಡಿ ಕಾರು ನೆನೆಯುತ್ತ ಸುಮ್ಮನೆ ನಿಂತಿತ್ತು. ಕೆಂಪು ದೀಪ ಮಾತ್ರ ಗಾಜಿನಾಚೆ ಮಿಣುಕುತ್ತಿತ್ತು.