ಕಬ್ಬಿಣದ ಕೊಳವೆ ಕೊಟ್ಟ ವೇಗ

ಪಾಂಡವಪುರ, ನಾಗಮಂಗಲದ ಕಡೆ ಹೊಲದಲ್ಲಿ ನಿಂತು ಹಕ್ಕಿ ಓಡಿಸಿದವರಿಗೆ ಕವಣೆಯ ಗುಟ್ಟು ಗೊತ್ತು. ಬರಿಗೈಯಲ್ಲಿ ಎಸೆದ ಕಲ್ಲು ಬದು ದಾಟಿದರೆ ಹೆಚ್ಚು. ಅದೇ ಕಲ್ಲನ್ನು ಕವಣೆಗಿಟ್ಟು ಬೀಸಿದರೆ ಪಕ್ಕದವರ ಹೊಲಕ್ಕೂ ಆಚೆ ಬೀಳುತ್ತದೆ. ತೋಳಿನ ಬಲ ಹೆಚ್ಚಲಿಲ್ಲ. ಕಲ್ಲು ಹೊರಡುವಾಗಿನ ವೇಗ ಹೆಚ್ಚಿತು, ಅಷ್ಟೆ.

ವೇಗ ಇಮ್ಮಡಿಯಾದರೆ ದೂರವೂ ಇಮ್ಮಡಿಯಾದೀತೆ? ಇಲ್ಲ, ನಾಲ್ಮಡಿಯಾಗುತ್ತದೆ. ವೇಗವಾಗಿ ಹೊರಟ ಕಲ್ಲು ಮುಂದಕ್ಕೂ ಬೇಗ ಸಾಗುತ್ತದೆ, ಮೇಲೇರಿ ನೆಲಕ್ಕಿಳಿಯಲು ಎರಡು ಪಟ್ಟು ಹೊತ್ತನ್ನೂ ತೆಗೆದುಕೊಳ್ಳುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, 45 ಡಿಗ್ರಿ ಓರೆಯಲ್ಲಿ ಸೆಕೆಂಡಿಗೆ 100 ಮೀಟರ್ ವೇಗದಿಂದ ಹೊರಟ ವಸ್ತು ಸುಮಾರು ಒಂದು ಕಿಲೋಮೀಟರ್ ಆಚೆ ಬೀಳುತ್ತದೆ. ಎರಡು ಕಿಲೋಮೀಟರಿಗೆ 200 ಬೇಡ, 140 ಸಾಕು.

ವೇಗ ಸ್ವಲ್ಪ ಹೆಚ್ಚಿದರೂ ದೂರ ಬಹಳ ಹೆಚ್ಚುವ ಈ ಲಾಭವನ್ನು ಶ್ರೀರಂಗಪಟ್ಟಣದ ಸೈನ್ಯ ಯುದ್ಧದಲ್ಲೇ ಪಡೆಯಿತು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ರಾಕೆಟ್, ನಮ್ಮ ಜಾತ್ರೆಯ ಬಾಣಬಿರುಸಿನ ನೆಂಟನೇ. ಆದರೆ ಯುರೋಪಿನವರು ಆಗ ಮದ್ದು ತುಂಬುತ್ತಿದ್ದುದು ಕಾಗದದ ಕೊಳವೆಗೆ, ಇಲ್ಲಿಯವರು ತುಂಬಿದ್ದು ಕಬ್ಬಿಣದ ಕೊಳವೆಗೆ. ಕಾಗದ ಒತ್ತಡ ತಾಳದೆ ಒಡೆಯುತ್ತದೆ. ಕಬ್ಬಿಣ ತಾಳುತ್ತದೆ, ಬಿಸಿ ಅನಿಲ ಕಿರಿದಾದ ಬಾಯಿಯಿಂದ ರಭಸವಾಗಿ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಅಷ್ಟೇ ರಭಸವಾಗಿ ಮುಂದಕ್ಕೆ ಹಾರುತ್ತದೆ. ಕವಣೆಕಲ್ಲಿನಂತೆ ಇದಕ್ಕೆ ವೇಗ ಒಂದೇ ಬೀಸಿಗೆ ಬರುವುದಿಲ್ಲ. ಮದ್ದು ಉರಿಯುವವರೆಗೂ ಏರುತ್ತದೆ, ಉರಿದು ಮುಗಿದ ಮೇಲೆ ಇದೂ ಒಂದು ಕಲ್ಲೇ. ಈ ರಾಕೆಟ್‌ಗಳು ಸುಮಾರು 900 ಮೀಟರ್ ಹೋಗುತ್ತಿದ್ದವು. ಕೆಲವು ಅದರ ಎರಡರಷ್ಟು ದೂರ ಮುಟ್ಟಿದವೆಂದು ಹೇಳುತ್ತಾರೆ.

ಕೊಳವೆ ತಲೆಕೆಳಗಾಗದಿರಲು ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಆದರೂ ಗುರಿ ಮಾತ್ರ ದೇವರಿಗೇ ಪ್ರೀತಿ! ಒಂದೊಂದಾಗಿ ಅಲ್ಲ, ಗುಂಪಾಗಿ ಹಾರಿಸಿದಾಗಲೇ ಇವುಗಳ ಭಯ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ರಾಕೆಟ್, ಬಂದೂಕುಗಳಿಗೆ ಸಿಕ್ಕಿ ಹಿಮ್ಮೆಟ್ಟಿದ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವ.

ಮೇ 2ರಂದು ಬ್ರಿಟಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೇ ಬಿತ್ತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಇಲ್ಲಿಯ ರಾಕೆಟ್‌ಗಳು ಲಂಡನ್ ಬಳಿಯ ವುಲಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರಿವ್ ತನ್ನ ರಾಕೆಟ್ ಪ್ರಯೋಗಗಳನ್ನು ನಡೆಸಿ, ಕೆಲವೇ ವರ್ಷಗಳಲ್ಲಿ ತಾನೂ ಕಬ್ಬಿಣದ ಕೊಳವೆಗೇ ಬಂದ.

ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಪಾಳುಬಾವಿಯ ಕೆಸರು ತೆಗೆದಾಗ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.