ಮದ್ದಿಗೂ ಬೇಕು ನೀರುಗಂಟಿ

ಕೃಷ್ಣರಾಜಸಾಗರದಿಂದ ಹರಿದುಬಂದ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಾಳನ್ನೇ ಬದಲಿಸಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ನಾಲೆಯ ಮೇಲ್ಭಾಗದವರು ಅಗತ್ಯ ಮೀರಿ ನೀರು ಕಟ್ಟಿಕೊಂಡರೆ ಅವರ ಗದ್ದೆ ಜೌಗು ಹಿಡಿಯುತ್ತದೆ. ಕೊನೆಯವರ ಪೈರು ಒಣಗುತ್ತದೆ. ಆಂಟಿಬಯಾಟಿಕ್ ಮದ್ದಿನ ಪಾಡೂ ಇಂಥದೇ. ಅದು ಎಲ್ಲರಿಗೂ ಸೇರಿದ ಸೊತ್ತು. ಒಬ್ಬರ ದುಂದು ಇನ್ನೊಬ್ಬರ ಪ್ರಾಣಕ್ಕೆ ಕುತ್ತು ತಂದೀತು.

ಈ ಮದ್ದು ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲುದೇ ಹೊರತು, ನೆಗಡಿ ಫ್ಲೂಗಳನ್ನು ತರುವ ವೈರಸ್ಸುಗಳನ್ನಲ್ಲ. ವೃಥಾ ಸೇವಿಸಿದಾಗ ದುರ್ಬಲ ಕ್ರಿಮಿಗಳು ಸತ್ತು, ಮದ್ದಿಗೆ ಜಗ್ಗದವು ಉಳಿದು ಬೆಳೆಯುತ್ತವೆ. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಕುರಿತು ಎಚ್ಚರಿಸಿದ್ದರು. 2019ರಲ್ಲಿ ಇಂಥ ಕ್ರಿಮಿಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಮಡಿದರೆಂದು ತಜ್ಞರ ಅಂದಾಜು.

ಹಾಗಾದರೆ ಹೊಣೆ ಯಾರದು? ವೈದ್ಯರದು ಎಂದುಬಿಡುವುದು ಸುಲಭ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಶಿಕ್ಷಣ ಚೌಕಟ್ಟು ಆರೋಗ್ಯ ಸೇವೆಯಲ್ಲಿರುವ ಎಲ್ಲರನ್ನೂ ಹೊಣೆಗಾರರನ್ನಾಗಿ ಕಾಣುತ್ತದೆ. ಯಾವ ಗದ್ದೆಗೆ ಎಷ್ಟು ನೀರು, ಎಷ್ಟು ಹೊತ್ತು ಎಂಬುದನ್ನರಿತು ತೂಬು ತೆರೆಯುವ ನೀರುಗಂಟಿಯ ಜಾಣ್ಮೆ ಇವರೆಲ್ಲರಿಗೂ ಬೇಕು.

ಮದ್ದು ಬೇಕೆ ಬೇಡವೆ ಎಂದು ನಿರ್ಣಯಿಸುವುದು, ಎರಡು ಮೂರು ದಿನಗಳ ಮೇಲೆ ಪರೀಕ್ಷೆಯ ಫಲ ನೋಡಿ ಅದನ್ನು ಬದಲಿಸುವುದು ಅಥವಾ ನಿಲ್ಲಿಸುವುದು ವೈದ್ಯರ ಕೌಶಲ. ರಕ್ತ ಮೂತ್ರಗಳ ಮಾದರಿಯನ್ನು ಕಲ್ಮಷವಿಲ್ಲದೆ ಸಂಗ್ರಹಿಸುವುದು, ಹೊತ್ತಿಗೆ ಸರಿಯಾಗಿ ಮದ್ದು ಕೊಡುವುದು, ಕೈ ತೊಳೆಯುವುದನ್ನು ಮರೆಯದಿರುವುದು ದಾದಿಯರದು. ಔಷಧದಂಗಡಿಯವರ ಪಾತ್ರವೂ ಕಿರಿದಲ್ಲ. 2014ರ ಮಾರ್ಚಿಯಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲವು ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ವೈದ್ಯರ ಮತ್ತು ರೋಗಿಯ ಹೆಸರು, ಮದ್ದಿನ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಮಂಡ್ಯದಲ್ಲಿ ಚಿಕಿತ್ಸೆ ಪಡೆದವರು ಮಳವಳ್ಳಿಯ ಹಳ್ಳಿಗೆ ಮರಳಿದ ಮೇಲೆ ಪರೀಕ್ಷೆಯ ಫಲ ಬಂದರೆ, ಅದನ್ನು ಅಲ್ಲಿನ ವೈದ್ಯರಿಗೆ ಮುಟ್ಟಿಸುವುದೂ ಒಂದು ಕೌಶಲವೇ.

ಇವೆಲ್ಲಕ್ಕಿಂತ ಕಠಿಣವಾದದ್ದು ಮಾತಿನ ಕೌಶಲ. ನೆಗಡಿಯಾದ ಕೂಸನ್ನೆತ್ತಿಕೊಂಡು ಬಸ್ಸು ಹಿಡಿದು ಬಂದ ತಾಯಿಗೆ ಬರಿಯ "ಮದ್ದು ಬೇಡ" ಎಂಬ ಉತ್ತರ ತಿರಸ್ಕಾರದಂತೆಯೇ ಕೇಳಿಸುತ್ತದೆ. ಅವಳು ಮುಂದಿನ ಅಂಗಡಿಯಲ್ಲಿ ಅದನ್ನೇ ಕೇಳಿ ಕೊಂಡಾಳು. "ಈ ನೆಗಡಿ ತಾನಾಗಿಯೇ ಇಳಿಯುತ್ತದಮ್ಮ. ಮಗು ಜೋರಾಗಿ ಉಸಿರು ಎಳೆದರೆ, ಹಾಲು ಕುಡಿಯದಿದ್ದರೆ, ಕೂಡಲೇ ಕರೆದುಕೊಂಡು ಬನ್ನಿ" ಎಂದರೆ, ಆಕೆ ಬರಿಗೈಯಲ್ಲಿ ಹೋದರೂ ಧೈರ್ಯದಿಂದ ಹೋಗುತ್ತಾಳೆ. ಈ ಎರಡು ಮಾತಿಗೆ ಬೇಕಾದದ್ದು ಎರಡೇ ನಿಮಿಷ. ಕಿಕ್ಕಿರಿದ ಆಸ್ಪತ್ರೆಯಲ್ಲಿ ದುರ್ಲಭವಾದುದೂ ಅದೇ. ವೈದ್ಯರಿಗೆ ಬಿಡುವಿಲ್ಲದಿದ್ದರೆ ದಾದಿಯಾಗಲಿ ಆಶಾ ಕಾರ್ಯಕರ್ತೆಯಾಗಲಿ ಅದನ್ನು ಹೇಳಬಲ್ಲವರಾಗಬೇಕು.

ಇನ್ನು ಮನೆಯವರಾದ ನಮಗೂ ಕರ್ತವ್ಯವುಂಟು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿಯಿಲ್ಲದೆ ಕೊಳ್ಳುವ ಮದ್ದಲ್ಲವೆಂದು ತಿಳಿಯೋಣ. ಕಳೆದ ಸಲ ಉಳಿದ ಮಾತ್ರೆಯನ್ನು ನೆರೆಮನೆಗೆ ದಾನ ಮಾಡದಿರೋಣ. ಬೇಡವೆಂದ ವೈದ್ಯರನ್ನು ಜಿಪುಣರೆನ್ನದೆ, ನಮ್ಮ ಮಕ್ಕಳ ಪಾಲಿನ ಮದ್ದನ್ನು ಕಾಯ್ದಿಟ್ಟವರೆಂದು ಗೌರವಿಸೋಣ.