ಸಿದ್ದಿ ಹೆಣ್ಣುಮಕ್ಕಳ ಬಾಲ್ಯ: ಇತಿಹಾಸದ ಆಕರವಾಗಿ ಆತ್ಮಕಥನ

ದಖನ್ನಿನ ಇತಿಹಾಸವನ್ನು ಓದಿದವರಿಗೆ ಮಲಿಕ್ ಅಂಬರನ ಹೆಸರು ಅಪರಿಚಿತವಲ್ಲ. ಆಫ್ರಿಕದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟಗೊಂಡು, ಮುಂದೆ ಅಹಮದ್‌ನಗರದ ನಿಜಾಮಶಾಹಿಯ ಆಡಳಿತಸೂತ್ರವನ್ನೇ ಹಿಡಿದು ಮೊಗಲರ ಸೇನೆಯನ್ನು ತಡೆದ ಆತನು ೧೬೨೬ರಲ್ಲಿ ಕಾಲವಾದನು. ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನಂಥ ಹಬಶಿ ಸರದಾರನು ಮಂತ್ರಿಪದವಿಗೇರಿದನು. ಜಂಜೀರದ ಸಿದ್ದಿಗಳು ಪಶ್ಚಿಮದ ಕಡಲಿನಲ್ಲಿ ಪ್ರಬಲರಾಗಿದ್ದರು. ಆದರೆ ಇವರೆಲ್ಲರೂ ಪುರುಷರು, ಯೋಧರು. ಅದೇ ಖಂಡದಿಂದ ಬಂದವರ ವಂಶದ ಹೆಣ್ಣುಮಗಳೊಬ್ಬಳು ಈ ನಾಡಿನಲ್ಲಿ ಹೇಗೆ ಬೆಳೆದಳು ಎಂಬ ಪ್ರಶ್ನೆಗೆ ತವಾರೀಖುಗಳು ಉತ್ತರ ಕೊಡುವುದಿಲ್ಲ. ಆ ಉತ್ತರವನ್ನು ಎಲ್ಲಿ, ಹೇಗೆ ಅರಸಬೇಕೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಕಪ್ಪು ಜನಾಂಗದ ಸ್ತ್ರೀಯರೇ ಉತ್ತರ ಬರೆದಿದ್ದಾರೆ. ದಾಸ್ಯದಲ್ಲಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್, ಒಡೆಯನ ಕಾಟದಿಂದ ಪಾರಾಗಲು ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದ ವೃತ್ತಾಂತವನ್ನು ೧೮೬೧ರಲ್ಲಿ ಗುಪ್ತನಾಮದಿಂದ ಪ್ರಕಟಿಸಿದಳು. ಮಾಯಾ ಏಂಜೆಲೊ (೧೯೨೮–೨೦೧೪) ಅರ್ಕಾನ್ಸಾ ಸಂಸ್ಥಾನದ ಸ್ಟ್ಯಾಂಪ್ಸ್ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದ ಅಜ್ಜಿಯ ಆಶ್ರಯದಲ್ಲಿ ಬೆಳೆದ ಬಗೆಯನ್ನು ೧೯೬೯ರ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾಳೆ. ಹಲ್ಲುನೋವಿನಿಂದ ನರಳುತ್ತಿದ್ದ ಆ ಬಾಲಿಕೆಯನ್ನು ಬಿಳಿಯ ದಂತವೈದ್ಯನು ಮುಟ್ಟಲೊಲ್ಲದೆ ಹೋದನು; ಅವನು ಕಷ್ಟಕಾಲದಲ್ಲಿ ಸಾಲ ಪಡೆದಿದ್ದುದು ಅದೇ ಅಜ್ಜಿಯಿಂದ. ೧೯೪೦ರ ಶಾಲಾ ಸಮಾರಂಭವೊಂದರಲ್ಲಿ ಬಿಳಿಯ ಅತಿಥಿಯೊಬ್ಬನು, ಬಿಳಿಯ ಮಕ್ಕಳ ಶಾಲೆಗೆ ಸೂಕ್ಷ್ಮದರ್ಶಕಗಳು ಬರುವುವೆಂದು ಸಾರಿ, ಕಪ್ಪು ಮಕ್ಕಳ ಶಾಲೆಯನ್ನು ಅದರ ಆಟಗಾರರಿಗಾಗಿ ಹೊಗಳಿದನು. ಆ ಹೊಗಳಿಕೆಯಲ್ಲಿಯೂ ಹುಡುಗಿಯರಿಗೆ ಪಾಲಿರಲಿಲ್ಲವೆಂಬುದನ್ನು ಲೇಖಕಿ ಗಮನಿಸಿದ್ದಾಳೆ. ಬಣ್ಣ ಒಂದು ಹೊರೆ, ಹೆಣ್ಣುತನ ಇನ್ನೊಂದು. ಇವೆರಡೂ ಒಂದೇ ಹೆಗಲ ಮೇಲೆ ಬಿದ್ದಾಗ ಏನಾಗುವುದೆಂಬುದನ್ನು ಯಾವ ಶಾಸನಗ್ರಂಥವೂ ಇಷ್ಟು ಸ್ಪಷ್ಟವಾಗಿ ತಿಳಿಸಲಾರದು.

ಇನ್ನು ನಮ್ಮ ನಾಡಿನತ್ತ ನೋಡೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ಮುಂತಾದ ಕಡೆಗಳಲ್ಲಿ ಸಿದ್ದಿಗಳು ನೆಲೆಸಿದ್ದಾರೆ. ಇವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ೨೦೦೩ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಅಮೆರಿಕದಲ್ಲಿ ವರ್ಣಭೇದಕ್ಕೆ ಕಾನೂನಿನ ಬೆಂಬಲವೇ ಇದ್ದಿತು. ನಮ್ಮಲ್ಲಿ ಸಂವಿಧಾನದ ೧೫ನೆಯ ಅನುಚ್ಛೇದವು ಜನಾಂಗ, ಜಾತಿ, ಲಿಂಗಗಳ ಆಧಾರದ ಮೇಲೆ ರಾಜ್ಯವು ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಆದರೂ ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ಬಾಳಿದ ಸಿದ್ದಿಗಳನ್ನು ಗುಂಗುರು ಕೂದಲನ್ನೂ ಮೈಬಣ್ಣವನ್ನೂ ಕಂಡು ಪರದೇಶದವರೆಂದು ಭಾವಿಸುವ ರೂಢಿ ಅಳಿದಿಲ್ಲ. ಹೆಣ್ಣಿನ ಬೆಲೆಯನ್ನು ಬಣ್ಣದಿಂದ ಕಟ್ಟುವ ಸಮಾಜದಲ್ಲಿ ಈ ನೋಟದ ಇರಿತವು ಬಾಲಿಕೆಗೆ ಹೆಚ್ಚು. ೧೯೮೭ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಡತೊಡಗಿತು. ಅದರಿಂದ ಕೆಲವರಿಗೆ ವಿದ್ಯೆಯೂ ಉದ್ಯೋಗವೂ ದೊರೆತುವೆಂಬುದು ನಿಜ. ಆದರೆ ಆ ಮೊದಲ ಪ್ರಯತ್ನ ಕೆಲವೇ ವರ್ಷಗಳಲ್ಲಿ ನಿಂತಿತು. ಆಫ್ರಿಕದ ರಕ್ತವೆಂದರೆ ಓಟದ ಬಲವೆಂಬ ಎಣಿಕೆಯೇ ಆ ಯೋಜನೆಯ ತಳಹದಿ. ಸ್ಟ್ಯಾಂಪ್ಸಿನ ಆ ಸಮಾರಂಭದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಹೊಗಳಿಕೆಯೂ ಒಂದು ಬೇಲಿಯಾಗಬಲ್ಲುದೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಸಿದ್ದಿ ಸ್ತ್ರೀಯ ಆತ್ಮಕಥನಕ್ಕೆ ಆಕರಗಳಾವುವು? ಮೊದಲನೆಯದು ಬಾಯಿಮಾತು. ಎರಡನೆಯದು ಕೈಕೆಲಸ. ಸಿದ್ದಿ ಹೆಂಗಸರು ಮನೆಮಂದಿಯ ಹಳೆಯ ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿನತ್ತ ಸುತ್ತಿ ಬರುವ ಈ ಹೊಲಿಗೆಯಲ್ಲಿ ಮೂಲೆಗಳಿಗೆ ‘ಫೂಲ’ ಎಂಬ ಮಡಿಕೆಯ ತುಂಡುಗಳನ್ನು ಇಡುವರು. ಅವಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಯಾವ ತುಂಡು ಯಾರ ಉಡುಪಿನದೆಂದು ಕೇಳಿದರೆ ಒಂದು ಸಂಸಾರದ ಚರಿತ್ರೆಯೇ ಬಿಚ್ಚಿಕೊಳ್ಳಬಹುದು. ಆದರೆ ನೆನಪನ್ನು ಆಕರವಾಗಿ ಬಳಸುವವನು ಎಚ್ಚರದಿಂದಿರಬೇಕು. ಬಾಲ್ಯವನ್ನು ಹೇಳುವವಳು ಪ್ರೌಢೆ. ಇಂದಿನ ಅರಿವು ಅಂದಿನ ನೋವಿಗೆ ರೂಪ ಕೊಟ್ಟಿರುತ್ತದೆ. ಆದುದರಿಂದ ಅವಳ ಮಾತನ್ನು ಶಾಲೆಯ ದಾಖಲಾತಿ, ಭೂಮಿಯ ಪಹಣಿ, ಅರಣ್ಯದ ಕಾಗದಪತ್ರಗಳೊಡನೆ ಹೋಲಿಸಬೇಕು. ಹಾಗೆಯೇ ಆ ಕಾಗದಗಳನ್ನು ಅವಳ ಮಾತಿನಿಂದ ಪರೀಕ್ಷಿಸಬೇಕು. ಶಾಲೆ ಬಿಟ್ಟಳೆಂದು ದಾಖಲೆ ಹೇಳೀತು. ಏಕೆ ಬಿಟ್ಟಳೆಂಬುದನ್ನು ಅವಳೇ ಹೇಳಬೇಕು. ಅವಳ ಒಪ್ಪಿಗೆಯಿಲ್ಲದೆ ಬರೆಯತಕ್ಕದ್ದಲ್ಲ.

ಈ ವಿಚಾರ ದೂರದ ಘಟ್ಟಕ್ಕೆ ಮಾತ್ರ ಸಲ್ಲುವುದಲ್ಲ. ಕಾಡಿನಂಚಿನ ಹನಗೋಡಿನ ಸುತ್ತಲ ಹಾಡಿಗಳಿಂದ ಶಾಲೆಗೆ ಬರುವ ಜೇನುಕುರುಬರ ಹೆಣ್ಣುಮಕ್ಕಳ ಚರಿತ್ರೆ ಬೇರೆ, ಸಿದ್ದಿಗಳದು ಬೇರೆ; ಒಂದನ್ನು ಇನ್ನೊಂದರಲ್ಲಿ ಬೆರೆಸುವುದು ತಪ್ಪು. ಆದರೆ ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಬಾಲಿಕೆಯನ್ನು ಮಂದಮತಿಯೆಂದು ಎಣಿಸುವ ತಪ್ಪು ಎರಡೂ ಕಡೆ ಒಂದೇ. ಎಂಟನೆಯ ವಯಸ್ಸಿನಲ್ಲಿ ಅತ್ಯಾಚಾರಕ್ಕೊಳಗಾದ ಏಂಜೆಲೊ ಅನಂತರ ಸುಮಾರು ಐದು ವರ್ಷ ಮಾತನ್ನೇ ಬಿಟ್ಟಿದ್ದಳು. ಆ ಮೌನದಲ್ಲಿಯೇ ಅವಳು ಸಿಕ್ಕಿದ ಗ್ರಂಥಗಳನ್ನೆಲ್ಲ ಓದಿದಳು. ಮೌನವೂ ಒಂದು ಆಕರ; ಅದನ್ನು ಓದಲು ಕಲಿಯುವುದು ಇತಿಹಾಸದ ಅಧ್ಯಾಪಕನ ಕರ್ತವ್ಯಗಳಲ್ಲೊಂದು.